ರಗ್ನತ್ತೆಯ ಮನೆಯ ಹೊಗೆ

ಒಲೆಗೆ ಸೌದೆ ಒಟ್ಟಿ ಕಡ್ಡಿ ಗೀರುವ ಮುನ್ನ ಸಿಗ್ನೆ ಎಲ್ಲ ಶನಿವಾರಗಳಂತೆ ಇವತ್ತೂ ಒಂದು ಕ್ಷಣ ತಡೆದಳು. ಯಾಕೆ ತಡೆಯುತ್ತೇನೆಂದು ಹನ್ನೆರಡು ವರ್ಷಗಳಲ್ಲಿ ಅವಳು ತನ್ನನ್ನು ಕೇಳಿಕೊಂಡಿರಲಿಲ್ಲ. ಬೇರೆಯವರ ಮಲಗುವ ಕೋಣೆಗೆ ಹೋಗುವಾಗ ಬಾಗಿಲಲ್ಲಿ ಸಣ್ಣಗೆ ಕೆಮ್ಮುತ್ತೇವಲ್ಲ, ಅಂಥದ್ದು. ಯಾರೂ ವಾಸವಿಲ್ಲದ, ಒಂದೇ ಕೋಣೆಯ ಮರದ ಮನೆ. ಎರಡು ಕಿಟಕಿ, ಒಂದು ಕಬ್ಬಿಣದ ಮಂಚ, ಗೋಡೆಯ ಮೊಳೆಗೆ ತೂಗುಹಾಕಿದ ಬಾಣಲೆ. ಒಲೆ ಮಾತ್ರ ಗೋಡೆಯ ಪಕ್ಕದಲ್ಲಿಲ್ಲದೆ ಕೋಣೆಯ ನಟ್ಟನಡುವೆ ನಿಂತಿತ್ತು, ಯಾರೋ ಸಾಗಿಸುತ್ತ ಸಾಗಿಸುತ್ತ ದಣಿದು ಅಲ್ಲೇ ಬಿಟ್ಟುಹೋದ ಹಾಗೆ. ಅದರ ಹೊಗೆಕೊಳವೆ ತಲೆಯ ಮೇಲೆ ಮೊಣಕೈಯಂತೆ ಮಡಚಿಕೊಂಡು ಅಷ್ಟು ದೂರ ಅಡ್ಡಡ್ಡ ಹೋಗಿ ಚಿಮಣಿ ಸೇರುತ್ತಿತ್ತು. ಅಪ್ಪ ತೀರಿಕೊಂಡ ವರ್ಷ, ಹನ್ನೊಂದನೆಯ ವಯಸ್ಸಿನಲ್ಲಿ ದನ ಸಾಕುವ ಈ ರ‍್ಯಾಂಚಿಗೆ ಬಂದಾಗ, ಒಲೆ ಯಾಕೆ ಮಧ್ಯದಲ್ಲಿದೆ ಎಂದು ಅಜ್ಜಿಯನ್ನು ಕೇಳಿದ್ದಳು. “ಅಲ್ಲಿರ್ಬೇಕು, ಅಲ್ಲಿದೆ,” ಎಂದಿದ್ದಳು ಅಜ್ಜಿ. ಆ ಮನೆತನದಲ್ಲಿ ಎರಡನೆಯ ಸಲ ಕೇಳುವ ಅಭ್ಯಾಸ ಯಾರಿಗೂ ಇರಲಿಲ್ಲ.

ಬೆಂಕಿ ಹಿಡಿಯಿತು. ಇನ್ನು ಬಟ್ಟೆ. ಒರತೆಯ ಬಳಿಯ ತೊಟ್ಟಿಯಲ್ಲಿ ಒಂದು ಹೊದಿಕೆ, ಒಂದು ಏಪ್ರನ್, ಒಂದು ಜೊತೆ ಕರಿಯ ಕಾಲುಚೀಲ ಅದ್ದಿ ಹಿಂಡಿ ತಂತಿಯ ಮೇಲೆ ಹರವಬೇಕು. ಯಾರೂ ಉಡದ ಬಟ್ಟೆ. ಬರೀ ಒಗೆದು ಒಗೆದೇ ಸವೆದಿತ್ತು. ಹೊದಿಕೆ ಸಿಗ್ನೆಯ ಕಾಲದಲ್ಲೇ ಎರಡು ಸಲ ಬದಲಾಗಿತ್ತು, ಅಜ್ಜಿ ಪೇಟೆಯಿಂದ ಅದೇ ಬಣ್ಣದ್ದನ್ನು ಹುಡುಕಿ ತರುತ್ತಿದ್ದಳು. ಈ ಕೆಲಸ ಯಾವಾಗಲೂ ಮನೆಯ ಮದುವೆಯಾಗದ ಹೆಣ್ಣಿನದು. ಸಿಗ್ನೆಗಿಂತ ಮುಂಚೆ ಇಂಗೆರ್ ಅತ್ತೆ ಮಾಡಿದ್ದಳು, ಅವಳಿಗಿಂತ ಮುಂಚೆ ಅಜ್ಜಿಯೇ. ಕಾರಣ ಕೇಳಿದರೆ, ಬೆಂಕಿ ಕಾಣದ ಮನೆಗೆ ಇಲಿ ಸೇರುತ್ತೆ, ಹಾವು ಸೇರುತ್ತೆ, ಭೂಮಿ ಕೊಟ್ಟವಳ ಮನೆ ತಣ್ಣಗಿರಬಾರದು, ಹೀಗೆ ದಿನಕ್ಕೊಂದು. ಕಾಲುಚೀಲಕ್ಕೂ ಇಲಿಗೂ ಏನು ಸಂಬಂಧವೆಂದು ಯಾರೂ ಹೇಳಿರಲಿಲ್ಲ. ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಬಟ್ಟೆ ಹರವುವಾಗ ರಸ್ತೆಯಲ್ಲಿ ಯಾರಾದರೂ ಕೈ ಬೀಸಿದರೆ ನೀನೂ ಕೈ ಎತ್ತು, ಮುಖ ಮಾತ್ರ ತಿರುಗಿಸಬೇಡ. ಸಿಗ್ನೆಗೆ ಆ ನಿಯಮ ಕಷ್ಟವೆನಿಸಿರಲಿಲ್ಲ. ಮುಖ ತಿರುಗಿಸದೆ ಕೈಯಷ್ಟೇ ಎತ್ತಿ ಬದುಕಬಹುದಾದರೆ ಅದಕ್ಕಿಂತ ಸುಖ ಅವಳಿಗೆ ಬೇರೆ ಬೇಕಿರಲಿಲ್ಲ. ಶನಿವಾರಕ್ಕೆಂದು ಹಾಸ್ಟೆಲಿನಿಂದ ಮನೆಗೆ ಬರುತ್ತಿದ್ದ ಕಾಲೇಜಿನ ಮೊದಲ ವರ್ಷ, ಇತಿಹಾಸದ ಮೇಷ್ಟರು ಎಲ್ಲರನ್ನೂ ಒಬ್ಬೊಬ್ಬರಾಗಿ ಎಬ್ಬಿಸಿ, ನಿಮ್ಮ ಮನೆಯಲ್ಲಿ ಮಾತ್ರ ನಡೆಯುವ ಒಂದು ಪದ್ಧತಿ ಹೇಳಿ ಎಂದಿದ್ದರು. ಅವಳು ಎದ್ದು ನಿಂತು ಬಾಯಿ ತೆರೆದಳು. ಶನಿವಾರ, ಎಂದಳು. ಮುಂದೆ ಬರಲಿಲ್ಲ. “ಶನಿವಾರ ಎಲ್ರ ಮನೇಲೂ ಇದೆಯಮ್ಮ,” ಎಂದು ಹಿಂದಿನ ಬೆಂಚಿನವನು ಅಂದಾಗ ಎಲ್ಲ ನಕ್ಕರು, ಮೇಷ್ಟರೂ ನಕ್ಕರು, ಕೊನೆಗೆ ಅವಳೂ ನಕ್ಕು ಕೂತಳು. ಆ ನಗು ಎಷ್ಟೋ ದಿನ ತುಟಿಯ ಮೇಲೆ ಒಣಗಿದ ಹಾಲಿನಂತೆ ಎಳೆಯುತ್ತಿತ್ತು.

ಕೋಟಿನ ಜೇಬಿನಲ್ಲಿ ಮಡಚಿದ ಒಂದು ಹಾಳೆ ಇತ್ತು. ಜಮೀನಿನ ಕಾಗದ ಕೈಗೆ ಬಂದು ಇವತ್ತಿಗೆ ನೂರು ವರ್ಷ. ಅಷ್ಟು ವರ್ಷ ಒಂದೇ ಮನೆತನದಲ್ಲಿ ಉಳಿದ ರ‍್ಯಾಂಚಿನ ಹೆಬ್ಬಾಗಿಲಿಗೆ ತಾಲ್ಲೂಕಿನ ಇತಿಹಾಸ ಸಂಘದವರು ಒಂದು ಮರದ ಫಲಕ ಹಾಕುತ್ತಾರೆ. ಮನೆಯವರು ತಮ್ಮ ಪೂರ್ವಿಕರ ಕಥೆಯನ್ನು ಒಂದು ಪುಟದಲ್ಲಿ ಬರೆದುಕೊಡಬೇಕು. ಓದಿದವಳೆಂದು ಆ ಪುಟ ಸಿಗ್ನೆಯ ಪಾಲಿಗೆ ಬಂದಿತ್ತು. ಬರೆಸಿದವಳು ಅಜ್ಜಿ. ಮುತ್ತಜ್ಜ ಹಾಕನ್, ಅವನ ಹೆಂಡತಿ ಮಾರ್ಟಾ, ತಂಗಿ ರಗ್ನಾ, ಮೂವರೂ ನಾರ್ವೆಯಿಂದ ಮೊಂಟಾನಾದ ಈ ಬಯಲಿಗೆ ಬಂದದ್ದು; ಸರ್ಕಾರ ಪುಕ್ಕಟೆ ಕೊಡುತ್ತಿದ್ದ ನೆಲಕ್ಕೆ ಅಣ್ಣ ಒಂದು ಅರ್ಜಿ, ತಂಗಿ ಒಂದು ಅರ್ಜಿ ಹಾಕಿದ್ದು; ಮೂರು ವರ್ಷ ಅದೇ ನೆಲದ ಮೇಲೆ ಮನೆ ಮಾಡಿಕೊಂಡು ಬಾಳಿ, ನೆರೆಯವರಿಂದ ಸಾಕ್ಷಿ ಹೇಳಿಸಿದ ಮೇಲೆ ಅದು ಅವರದಾದದ್ದು. ಬೇಸಗೆಯಲ್ಲಿ ಹದಿನಾಲ್ಕು ಮೈಲಿ ಸುತ್ತಳತೆಯಲ್ಲಿ ಬತ್ತದ ಏಕೈಕ ಒರತೆ ರಗ್ನಾಳ ಪಾಲಿನಲ್ಲಿತ್ತು. ಆ ನೀರಿಲ್ಲದಿದ್ದರೆ ದನವೂ ಇಲ್ಲ, ನಾವೂ ಇಲ್ಲ, ಎಂದು ಅಜ್ಜಿ ಬರೆಸಿದ್ದಳು. ಕೊನೆಯ ಸಾಲು: “ಕಾಗದ ಕೈಗೆ ಬಂದ ಮೇಲೆ ರಗ್ನಾ ತಾಯ್ನಾಡಿನ ಹಂಬಲ ತಾಳಲಾರದೆ ನಾರ್ವೆಗೆ ಮರಳಿದಳು.” ಸಿಗ್ನೆ ಆ ಸಾಲನ್ನು ಮೂರು ಸಲ ನಕಲು ಮಾಡಿದ್ದಳು, ಮೂರು ಸಲವೂ ಅಲ್ಲಿಗೆ ಬಂದಾಗ ಲೇಖನಿ ಸುಮ್ಮನೆ ನಿಂತಿತ್ತು. ಹಡಗಿನ ಪ್ರಯಾಣಿಕರ ಪಟ್ಟಿಗಳಲ್ಲಿ ಆ ಹೆಸರು ಅವಳಿಗೆ ಸಿಕ್ಕಿರಲಿಲ್ಲ. ಕ್ರಿಸ್ಮಸ್ಸಿಗೆ ನಾರ್ವೆಯ ನೆಂಟರಿಂದ ಬರುವ ಕಾರ್ಡುಗಳಲ್ಲಿ ಸತ್ತವರು ಹುಟ್ಟಿದವರು ಎಲ್ಲರ ಹೆಸರೂ ಇರುತ್ತಿತ್ತು, ರಗ್ನತ್ತೆಯದು ಒಂದೂ ಇಲ್ಲ.

ರಸ್ತೆಯಲ್ಲಿ ಪಿಕಪ್ ಒಂದು ನಿಂತ ಸದ್ದಾಯಿತು. ಸಿಗ್ನೆ ತಿರುಗದೆ ಬಲಗೈ ಎತ್ತಿದಳು. ಸದ್ದು ಮುಂದೆ ಹೋಗಬೇಕಿತ್ತು, ಹೋಗಲಿಲ್ಲ. ಬಾಗಿಲು ಬಡಿದು, ಕಾಲುದಾರಿಯ ಪುಡಿಗಲ್ಲಿನ ಮೇಲೆ ಹೆಜ್ಜೆ ಕೇಳಿಸತೊಡಗಿತು. ಆ ಮನೆಯ ಕಡೆಗೆ ಹೊರಗಿನವರು ಯಾರೂ ನಡೆದು ಬಂದದ್ದನ್ನು ಅವಳು ಕಂಡಿರಲಿಲ್ಲ. ಎತ್ತಿದ ಕೈ ಎತ್ತಿದ ಹಾಗೇ ಉಳಿಯಿತು. ಹೆಜ್ಜೆ ಹತ್ತಿರವಾದಂತೆ ತಾನು ಇಲ್ಲಿ ಸಿಕ್ಕಿಬೀಳುತ್ತಿದ್ದೇನೆ, ಆದರೆ ಸಿಕ್ಕಿಬೀಳುವವಳು ನಾನಲ್ಲ ಎಂಬ ವಿಚಿತ್ರ ಭಾವ ಬೆನ್ನಿನಲ್ಲಿ ಹರಿದಾಡಿತು.

“ಅಯ್ಯೋ, ನೀನೇನಾ ಸಿಗ್ನೆ!” ವರ್ನಾ ಪೈಕ್ ಏದುಸಿರು ಬಿಡುತ್ತ ಬಂದಳು. ತಾಲ್ಲೂಕು ಕಚೇರಿಯಲ್ಲಿ ಜಮೀನು ದಾಖಲೆ ನೋಡಿಕೊಂಡಿದ್ದು ನಿವೃತ್ತಳಾದ ಮೇಲೆ ಇತಿಹಾಸ ಸಂಘವೆಂದರೆ ಬಹುಪಾಲು ಇವಳೊಬ್ಬಳೇ. “ರಸ್ತೆಯಿಂದ ನೋಡಿದ್ರೆ ಯಾರೋ ವಯಸ್ಸಾದ ಹೆಂಗಸು ಅನ್ಸತ್ತೆ ಕಣಮ್ಮ. ಮೊನ್ನೆ ಗುರುವಾರಾನೂ ನೋಡ್ದೆ. ಕೈ ಬೀಸ್ದೆ, ನೀನೂ ಎತ್ತಿದೆ. ಇಳಿದು ಮಾತಾಡ್ಸೋಣ ಅಂದ್ರೆ ಒಂದ್ಸಲಾನಾದ್ರೂ ಈ ಕಡೆ ಮುಖ ಮಾಡ್ಬೇಕಲ್ಲ!”

ಗುರುವಾರ ಸಿಗ್ನೆ ಪೇಟೆಯಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಳು. ಅದನ್ನು ಹೇಳಬೇಕೆಂದುಕೊಂಡಳು. “ಹೂಂ,” ಎಂದಳು.

“ನೋಡು, ನಿಂಗೇ ಅಂತ ತಂದಿದೀನಿ. ಓದಿರೋಳು, ನಿಂಗೆ ಖುಷಿಯಾಗತ್ತೆ. ರಾಜಧಾನಿಯಿಂದ ನಕಲು ತರ್ಸ್ದೆ, ನಿಮ್ ರಗ್ನಾದು, ಪೂರ್ತಿ ಫೈಲು.” ವರ್ನಾ ಒಂದು ಲಕೋಟೆ ಚಾಚಿದಳು. “ಸಾಕ್ಷಿ ಹೇಳಿಕೆ ಓದು, ಮಜವಾಗಿದೆ. ಬ್ರೂ ಅಂತ ಒಬ್ಬ ನೆರೆಯವ, ಅವ್ನೂ ನಾರ್ವೆಯವ್ನೇ, ಆಚೆ ದಿಬ್ಬದ ಮೇಲಿದ್ದನಂತೆ.”

ಸಿಗ್ನೆ ನಿಂತಲ್ಲೇ ಓದಿದಳು. ಬಾಗಿದ ಹಳೆಯ ಅಕ್ಷರ. ಅರ್ಜಿದಾರಳು ಈ ಜಮೀನಿನಲ್ಲಿ ಸತತವಾಗಿ ವಾಸವಾಗಿದ್ದಾಳೆಯೇ? ಹೌದು. ನನ್ನ ಮನೆ ಎರಡು ಮೈಲಿ ದೂರ. ಅವಳ ಹೊಗೆ ಕಾಣದ ಶನಿವಾರವಿಲ್ಲ. ತಂತಿಯ ಮೇಲೆ ಬಟ್ಟೆ ಇರುತ್ತದೆ. ರಸ್ತೆಯಲ್ಲಿ ಹೋಗುವಾಗ ನಾನು ಕೈ ಬೀಸಿದರೆ ಅವಳೂ ಕೈ ಎತ್ತುತ್ತಾಳೆ. ೧೯೧೫ರ ಜನವರಿಯಲ್ಲಿ, ನನ್ನ ಎರಡು ಎತ್ತುಗಳು ನಿಂತಲ್ಲೇ ಸತ್ತ ಆ ಚಳಿಯಲ್ಲಿ, ಮೂರು ಹಗಲು ಮೂರು ರಾತ್ರಿ ಅವಳ ಹೊಗೆ ಒಂದೇ ಸಮನೆ ಏಳುತ್ತಿತ್ತು. ಆದ್ದರಿಂದ ಚಳಿಗಾಲದಲ್ಲೂ ಅವಳು ಅಲ್ಲೇ ಇದ್ದಳೆಂದು ನಾನು ಬಲ್ಲೆ. ಹತ್ತಿರದಿಂದ ಕಂಡು ಮಾತನಾಡಿದ್ದೀರಾ? ಆ ಚಳಿಗಾಲದ ನಂತರ ಇಲ್ಲ. ತುಂಬ ನಾಚಿಕೆಯ ಹೆಂಗಸು.

ಸಿಗ್ನೆಯ ಅಪ್ಪ ಸತ್ತದ್ದು ಫೆಬ್ರವರಿಯಲ್ಲಿ. ಚರ್ಚಿನ ಹಿಂದಿನ ನೆಲ ಕಬ್ಬಿಣವಾಗಿತ್ತು, ಗುದ್ದಲಿ ಬಿದ್ದರೆ ಕಿಡಿ ಹಾರುತ್ತಿತ್ತು. ಚಿಕ್ಕಪ್ಪ ಆರ್ವಿಡ್ ಮತ್ತು ಇಬ್ಬರು ನೆರೆಯವರು ಗುಂಡಿಯ ಅಳತೆಗೆ ಹುಲ್ಲು, ಕಲ್ಲಿದ್ದಲು ಹರವಿ, ಮೇಲೆ ತಗಡು ಮುಚ್ಚಿ ಬೆಂಕಿ ಹಾಕಿದ್ದರು. ಒಂದು ದಿನ ಉರಿಸಿದರೆ ಒಂದು ಮೊಳ ಮೆತ್ತಗಾಗುತ್ತೆ. ಅಷ್ಟು ತೋಡಿ ಮತ್ತೆ ಬೆಂಕಿ. ಹನ್ನೊಂದರ ಸಿಗ್ನೆ ಕಾರಿನೊಳಗೆ ಕೂತು ಗಾಜು ಒರೆಸಿ ಒರೆಸಿ ಆ ಹೊಗೆ ನೋಡಿದ್ದಳು. ಅಪ್ಪನಿಗೆ ಚಳಿಯಾಗದಿರಲೆಂದು ಮಾಡುತ್ತಿದ್ದಾರೆ ಎಂದುಕೊಂಡಿದ್ದಳು. ಎಷ್ಟು ಹೊತ್ತು, ಎಂದು ಅಮ್ಮ ಕೇಳಿದಾಗ ಚಿಕ್ಕಪ್ಪ ಮಸಿ ಮೆತ್ತಿದ ಮುಖ ಒಳಗೆ ತೂರಿಸಿ ಹೇಳಿದ್ದ: ಎದೆಯುದ್ದ ಆಳಕ್ಕೆ ಹೋಗ್ಬೇಕಂದ್ರೆ ಮೂರು ದಿನ ಅತ್ತಿಗೆ.

ಅವಳ ಕಣ್ಣು ತೆರೆದ ಬಾಗಿಲಿನ ಒಳಗೆ, ಕೋಣೆಯ ನಡುವೆ ನಿಂತ ಒಲೆಯ ಮೇಲೆ ಹೋಯಿತು. ಅದರ ಕಾಲುಗಳ ಕೆಳಗಿನ ಹಲಗೆಗಳು ಉಳಿದ ಹಲಗೆಗಳಿಗಿಂತ ಮೋಟು. ಪ್ರತಿ ಶನಿವಾರ ಅವಳು ಅದೇ ಜಾಗದಲ್ಲಿ ಮಂಡಿಯೂರಿ ಬೂದಿ ತೆಗೆದಿದ್ದಳು.

“ಅಂಥ ಚಳೀಲಿ ಒಬ್ಳೇ ಹುಡುಗಿ, ಯೋಚ್ನೆ ಮಾಡು,” ವರ್ನಾ ತಂತಿಯ ಮೇಲಿನ ಹೊದಿಕೆಯ ಸುಕ್ಕನ್ನು ಸುಮ್ಮನೆ ಬಿಡಿಸುತ್ತಿದ್ದಳು. “ಎಷ್ಟು ಜನ ಅರ್ಧದಲ್ಲೇ ಸತ್ತೋದ್ರು. ನಮ್ಮಜ್ಜಿಯ ತಮ್ಮನೂ ಹಾಗೇ, ಎರಡ್ನೇ ವರ್ಷಕ್ಕೇ ಹೋದ. ಜಮೀನು ಹೋಗ್ಲಿಲ್ಲ ಅನ್ನು.”

“ಹೋಗ್ಲಿಲ್ವಾ?”

“ಯಾಕೆ ಹೋಗತ್ತೆ? ಅರ್ಜಿ ಹಾಕ್ದೋರು ಸತ್ರೆ ವಾರಸುದಾರರು ಮುಂದುವರಿಸ್ಬೋದು ಅಂತ ಕಾನೂನಲ್ಲೇ ಇತ್ತಲ್ಲ. ಅಲ್ಲಿ ವಾಸ ಕೂಡ ಮಾಡ್ಬೇಕಿರ್ಲಿಲ್ಲ, ಉತ್ತು ಬಿತ್ತಿದ್ರೆ ಸಾಕು. ಲ್ಯಾಂಡ್ ಆಫೀಸಿಗೆ ಹೋಗಿ ಸತ್ರು ಅಂತ ಹೇಳೋದು, ಒಂದ್ ರುಜು ಹಾಕೋದು, ಮುಗೀತು. ಇಪ್ಪತ್ತೆಂಟು ವರ್ಷ ಅದೇ ಕಾಗ್ದ ನೋಡಿದೀನಿ, ನಿದ್ದೇಲಿ ಎಬ್ಸಿ ಕೇಳು, ಹೇಳ್ತೀನಿ. ಸರಿ, ನಾನು ಹೋಗಿ ಫಲಕ ಇಳಿಸ್ತೀನಿ. ನಿಮ್ಮಜ್ಜಿ ಲೆಫ್ಸೆ ರೊಟ್ಟಿ ಮಾಡಿದಾರೋ ಇಲ್ವೋ?”

ಮನೆಗೆ ಮುಕ್ಕಾಲು ಮೈಲಿ. ವರ್ನಾ ಗಾಡಿಗೆ ಕರೆದರೂ ಸಿಗ್ನೆ ನಡೆದೇ ಹೊರಟಳು. ಮೇ ತಿಂಗಳ ಹುಲ್ಲು ಬೂಟಿನ ಕೆಳಗೆ ಸದ್ದಿಲ್ಲದೆ ಮಲಗುತ್ತಿತ್ತು. ಬೇಲಿಗೂಟದ ಮೇಲೆ ಹಳದಿ ಎದೆಯ ಹಕ್ಕಿ ಒಂದೇ ರಾಗ ಹೇಳಿ ನಿಲ್ಲಿಸಿತು, ಅದಕ್ಕೂ ಮುಂದಿನದು ಮರೆತ ಹಾಗೆ. ಒಂದ್ ರುಜು ಹಾಕೋದು, ಮುಗೀತು. ಮುತ್ತಜ್ಜ ಮುತ್ತಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹಾಕನ್ ಅಂಗಡಿಯಲ್ಲಿ ಮೊಳೆ ಕೇಳಲೂ ಜೇಬಿನಿಂದ ಒಂದು ಮೊಳೆ ತೆಗೆದು ತೋರಿಸುತ್ತಿದ್ದನಂತೆ. ಆದರೆ ಅರ್ಜಿ ಹಾಕಿದವರು ಸತ್ತರೆ ಏನಾಗುತ್ತದೆಂದು ಆಚೆ ದಿಬ್ಬದವನನ್ನು ತಮ್ಮ ಭಾಷೆಯಲ್ಲೇ ಕೇಳಬಹುದಿತ್ತು, ಪಾದ್ರಿಯನ್ನು ಕೇಳಬಹುದಿತ್ತು. ಕೇಳಿದರೆ ಯಾಕೆ ಕೇಳುತ್ತೀ ಅನ್ನುತ್ತಾರೆ. ಕೇಳುವುದೇ ಒಪ್ಪಿಕೊಂಡ ಹಾಗೆ. ಕೇಳದೇ ಉಳಿಯುವುದು ಎಷ್ಟು ಸುಲಭವೆಂದು ಸಿಗ್ನೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಸ್ಟೆಲಿನಲ್ಲಿ ಊಟದ ಹಾಲಿಗೆ ಯಾವ ಬಾಗಿಲಿಂದ ಹೋಗಬೇಕೆಂದು ಕೇಳಲಾರದೆ ಅವಳು ನಾಲ್ಕು ದಿನ ಬಿಸ್ಕತ್ತು ತಿಂದು ಇದ್ದವಳು. ಒಂದು ಮನೆತನದ ನಾಚಿಕೆ ಒಬ್ಬಳನ್ನು ನೂರು ವರ್ಷ ಸಾಯಗೊಡದೆ ಇಟ್ಟಿತ್ತು. ಅವಳು ಹಿಂತಿರುಗಿ ನೋಡಿದಳು. ಹೊಗೆ ನೆಟ್ಟಗೆ ಏಳುತ್ತಿತ್ತು. ತಂತಿಯ ಬಳಿ ಯಾರೂ ಇರಲಿಲ್ಲ. ಇಲ್ಲವೆಂದು ಖಚಿತವಾಗುವಷ್ಟು ಹೊತ್ತು ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಅಂಗಳದಲ್ಲಿ ಚಿಕ್ಕಪ್ಪ ಆರ್ವಿಡ್ ಫಲಕಕ್ಕೆ ಕಂಬ ಕೊಯ್ಯುತ್ತಿದ್ದ. “ಬಂದ್ರಪ್ಪ ನಮ್ಮ ಇತಿಹಾಸಕಾರ್ತಿ. ಪುಟ ಆಯ್ತಾ? ನನ್ ಹೆಸ್ರು ಹಾಕಿದೀಯೋ ಇಲ್ವೋ? ಸುಂದರಾಂಗ ಅಂತ ಬರಿ, ಯಾರೂ ಬಂದು ನೋಡಲ್ಲ.” ಅವನಿಗೆ ಏನೂ ಗೊತ್ತಿಲ್ಲವೆಂಬುದು ಅವನ ನಗೆಯಲ್ಲೇ ಇತ್ತು. ಈ ಮನೆಯಲ್ಲಿ ಗಂಡಸರಿಗೆ ಜಮೀನು ಬಂದಿತ್ತು; ಹೆಂಗಸರಿಗೆ ಬಟ್ಟೆ ಹರವುವುದು.

ಅಡುಗೆಮನೆಯಲ್ಲಿ ಅಜ್ಜಿ ಥೋರಾ ಲೆಫ್ಸೆಗೆ ಬೆಣ್ಣೆ ಸವರಿ ಸುರುಳಿ ಸುತ್ತುತ್ತಿದ್ದಳು. ಎಂಬತ್ತಾರರಲ್ಲೂ ಆಲೂಗಡ್ಡೆಯ ಆ ರೊಟ್ಟಿಯನ್ನು ಬೇರೆಯವರ ಕೈಗೆ ಕೊಟ್ಟವಳಲ್ಲ. ಸಿಗ್ನೆ ಸಾಕ್ಷಿಯ ಹಾಳೆಯನ್ನು ಹಿಟ್ಟಿನ ಪಕ್ಕದಲ್ಲಿಟ್ಟಳು. ಅಜ್ಜಿ ಕನ್ನಡಕ ಹಾಕಿಕೊಂಡು ತುಟಿಯಾಡಿಸುತ್ತ ಓದಿದಳು. ಮೂರು ಹಗಲು ಮೂರು ರಾತ್ರಿ ಎಂಬಲ್ಲಿ ಬೆರಳು ನಿಂತಿತು. ಕಾಗದದ ಮೇಲೆ ಬೆಣ್ಣೆಯ ಕಲೆ ನಿಧಾನವಾಗಿ ಅಗಲವಾಯಿತು.

“ನಿಂಗೆ ಅರ್ಥವಾಯ್ತು,” ಎಂದಳು.

“ಹೂಂ.”

“ಇಂಗೆರ್ ಹದಿನಾರು ವರ್ಷ ಒಲೆ ಹಚ್ಚಿದ್ಲು. ಅರ್ಥವಾಗ್ಲಿಲ್ಲ. ಇಲ್ಲ, ಆಗಿತ್ತೋ ಏನೋ, ಯಾರಿಗ್ಗೊತ್ತು.” ಅಜ್ಜಿ ಕೂತುಕೊಂಡಳು. “ರಗ್ನತ್ತೆಗೆ ಐದು ದಿನದ ಜ್ವರ ಅಂತೆ, ಅಷ್ಟೇ. ಸತ್ಲು ಅಂತ ಗೊತ್ತಾದ್ರೆ ಒರತೆ ಕೈ ತಪ್ಪತ್ತಲ್ಲ. ನಾನಿನ್ನೂ ಹುಟ್ಟಿರ್ಲಿಲ್ಲ. ಹೊರಗೆ ತೋಡಿದ್ರೆ ಹೊಸ ಮಣ್ಣು ಹಿಮದ ಮೇಲೆ ಎದ್ದು ಕಾಣತ್ತೆ. ಅದಕ್ಕೆ ಅಪ್ಪ ಒಲೇನ ನಡುವೆ ಎಳೆದು ಅಲ್ಲೇ ನೆಲ ಕಾಯಿಸ್ದ. ಆಮೇಲೆ ಒಂದೂವರೆ ವರ್ಷ ಅಮ್ಮ ಇಲ್ಲೂ ಇದ್ಲು, ಅಲ್ಲೂ ಇದ್ಲು. ಕೊನೇಗೆ ಆಫೀಸಿಗೆ ಅವಳ ಟೋಪಿ ಹಾಕ್ಕೊಂಡು ಹೋಗಿ, ಬೈಬಲ್ ಮೇಲೆ ಕೈಯಿಟ್ಟು, ನಾನೇ ರಗ್ನಾ ಅಂದ್ಲು. ಚರ್ಚಲ್ಲಿ ಎಲ್ರೂ ರೊಟ್ಟಿ-ದ್ರಾಕ್ಷಾರಸ ತಗೊಳಕ್ಕೆ ಎದ್ದು ಹೋಗೋರು, ಸುಳ್ಳು ಆಣೆ ಮಾಡಿದ ಬಾಯಿಗೆ ಅದು ಸಲ್ಲದು ಅಂತ ಅಮ್ಮ ಬೆಂಚಿಂದ ಏಳ್ತಿರ್ಲಿಲ್ಲ. ಮಂಡಿನೋವು ಪಾಪ ಅನ್ನೋರು. ಐವತ್ತೆಂಟು ವರ್ಷದ ಮಂಡಿನೋವು ಕಣೇ.”

ಹೊರಗೆ ಗರಗಸ ನಿಂತಿತು. ವರ್ನಾ ಏನೋ ಹೇಳಿದ್ದಕ್ಕೆ ಚಿಕ್ಕಪ್ಪ ನಕ್ಕದ್ದು ಕೇಳಿಸಿತು.

“ಸಾಯೋ ದಿನ ನನ್ ಕೈ ಹಿಡ್ಕೊಂಡು ಒಂದೇ ಕೇಳಿದ್ದು. ಬೇರೆ ದಾರಿ ಇರ್ಲಿಲ್ಲ ಅಲ್ವಾ ಥೋರಾ? ಇರ್ಲಿಲ್ಲಮ್ಮ ಅಂದೆ. ಅದೊಂದ್ ಮಾತು ಹಿಡ್ಕೊಂಡು ಹೋದ್ಲು. ನಾನೂ ಅದನ್ನೇ ಹಿಡ್ಕೊಂಡಿದೀನಿ.” ಅಜ್ಜಿ ಸಿಗ್ನೆಯ ಜೇಬಿನ ಕಡೆ ಕೈ ಚಾಚಿದಳು. “ಆ ಪುಟ ತೆಗಿ. ಕೊನೇ ಸಾಲು ಹೊಡೆದು ಹಾಕು. ಇಲ್ಲೇ ಸತ್ಲು, ಇಲ್ಲೇ ಮಣ್ಣಾದ್ಲು ಅಂತ ಬರಿ. ವರ್ನಾ ಎಲ್ರ ಮುಂದೆ ಓದ್ಲಿ. ನನ್ನ ಜೀವ ಇರೋವಾಗ ಅವಳಿಗೊಂದು ಕಲ್ಲು ಹಾಕ್ಸೋಣ.”

ಇದನ್ನೇ ತಾನೇ ನಾನು ಕೇಳಲು ಬಂದದ್ದು, ಎಂದು ಸಿಗ್ನೆಗೆ ಅನಿಸಿತು. ಹಾಳೆ ತೆಗೆದಳು, ಪೆನ್ನಿನ ಮುಚ್ಚಳ ಬಿಚ್ಚಿದಳು. ಆಗ ಮುಂದಿನ ಅರ್ಧ ಗಂಟೆ ಅವಳ ಕಣ್ಣಿಗೆ ಕಟ್ಟಿತು: ವರ್ನಾ ಈ ಸಾಲನ್ನು ಓದುತ್ತಾಳೆ, ಕನ್ನಡಕ ಮೇಲೆತ್ತಿ, ಬಾಯಲ್ಲಿ ಲೆಫ್ಸೆ ಇರುವಾಗಲೇ, ಅಯ್ಯೋ ಥೋರಾ, ಇದನ್ನ ಯಾಕೆ ಮುಚ್ಚಿಟ್ರಿ, ಕಾನೂನಲ್ಲೇ ಇತ್ತಲ್ಲ, ಒಂದ್ ರುಜು ಹಾಕಿದ್ರೆ ಮುಗೀತಿತ್ತು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾಳೆ. ವರ್ನಾಳನ್ನು ಬಾಯಿ ಮುಚ್ಚು ಎನ್ನಲು ಈ ಭೂಮಿಯ ಮೇಲೆ ಯಾರಿಂದಲೂ ಆಗದು. ಆಮೇಲೆ ಅಜ್ಜಿ ಈ ಕುರ್ಚಿಯಲ್ಲಿ, ಈ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೆಷ್ಟು ವರ್ಷವಿದೆಯೋ ಅಷ್ಟು ವರ್ಷ ಕೂತಿರುತ್ತಾಳೆ. ಐವತ್ತೆಂಟು ವರ್ಷದ ಮಂಡಿನೋವು ಯಾವುದಕ್ಕೂ ಆಗಿರಲಿಲ್ಲ ಎಂದು ತಿಳಿದುಕೊಂಡು. ಒಂದು ಕಡೆ ಹಲಗೆಯ ಕೆಳಗಿನವಳು, ಇನ್ನೊಂದು ಕಡೆ ಬೆರಳಿಗೆ ಹಿಟ್ಟು ಮೆತ್ತಿಕೊಂಡ ಇವಳು.

“ಬೇಡ ಅಜ್ಜಿ,” ಎಂದಳು.

“ಏನ್ ಬೇಡ?”

“ಇದ್ದ ಹಾಗೇ ಇರ್ಲಿ.”

ಅಜ್ಜಿ ಅವಳನ್ನೇ ನೋಡಿದಳು. “ಯಾಕೆ? ಜಮೀನು ಕಿತ್ಕೋತಾರೆ ಅಂತಾನಾ? ನೂರು ವರ್ಷ ಆಯ್ತಲ್ಲೇ, ಈಗ್ಯಾರು ಬರ್ತಾರೆ?”

ಸಿಗ್ನೆ ಬೇರೊಂದು ಕಾರಣ ಹುಡುಕಿದಳು. ಸಿಗಲಿಲ್ಲ. ತಲೆ ಅಲ್ಲಾಡಿಸಿದಳು, ಹೌದೆಂದು.

“ಓದಿದೋಳು, ಬೇರೆ ಥರ ಇರ್ತೀಯ ಅಂದ್ಕೊಂಡಿದ್ದೆ.” ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದ್ದೊಂದಿತ್ತು, ಗುರುತು ಹಿಡಿದ ಸಮಾಧಾನ. “ನೀರು ಅಂದ್ರೆ ನಾವೆಲ್ಲ ಹೀಗೇ. ನಮ್ಮಮ್ಮನ ಮೊಮ್ಮಗನ ಮಗಳಲ್ಲ, ನಮ್ಮಮ್ಮನೇ ನೀನು.” ಎದ್ದು ಲೆಫ್ಸೆಯ ತಟ್ಟೆ ಎತ್ತಿಕೊಂಡಳು. ಸಿಗ್ನೆಯ ಮುಖ ಕಿವಿಯವರೆಗೂ ಸುಟ್ಟಿತು. ಅಲ್ಲ ಅಜ್ಜಿ ಎಂಬ ಎರಡು ಪದ ಹಲ್ಲಿನ ಹಿಂದೆ ಬಂದು ನಿಂತವು. ಅವಳು ಅವನ್ನು ನುಂಗಿದಳು.

ಅಂಗಳದ ಕಾಟನ್‌ವುಡ್ ಮರದ ಕೆಳಗೆ ಮೇಜು ಹಾಕಿ ನಾಲ್ವರೂ ಕೂತರು. ವರ್ನಾ ಪುಟವನ್ನು ಗಟ್ಟಿಯಾಗಿ ಓದಿದಳು. ಹಾಕನ್ ಬಂದ, ಮಾರ್ಟಾ ಬಂದಳು, ಒರತೆ ಸಿಕ್ಕಿತು, ರಗ್ನಾ ನಾರ್ವೆಗೆ ಮರಳಿದಳು. ಚಿಕ್ಕಪ್ಪ ಚಪ್ಪಾಳೆ ತಟ್ಟಿದ. ಅಜ್ಜಿ ಕಾಫಿಯನ್ನೇ ನೋಡುತ್ತಿದ್ದಳು.

“ಸ್ವಲ್ಪ ವಿವರ ಬೇಕಲ್ಲ,” ಎಂದಳು ವರ್ನಾ, ಪೆನ್ನು ತೆಗೆದು. “ವಾಪಸ್ ಹೋಗಿ ಎಲ್ಲಿದ್ಲಂತೆ?”

ಅಜ್ಜಿಯ ಬಟ್ಟಲು ತಟ್ಟೆಗೆ ತಾಗಿ ಸಣ್ಣಗೆ ಸದ್ದು ಮಾಡಿತು.

“ವೊಸ್ ಅಂತ ಊರು,” ಎಂದಳು ಸಿಗ್ನೆ. ದನಿ ಸ್ಪಷ್ಟವಾಗಿತ್ತು, ಕೊಂಚವೂ ತೊದಲಲಿಲ್ಲ. “ರೈಲ್ವೆ ಸ್ಟೇಷನ್ ಹಿಂದೆ ಮನೆ. ಮೊದಲು ಒಂದು ಹೋಟೆಲಲ್ಲಿ ಬಟ್ಟೆ ಒಗೆಯೋ ಕೆಲಸಕ್ಕಿದ್ಲು. ಆಮೇಲೆ ಒಬ್ಬ ಬಡಗಿಯನ್ನ ಮದುವೆಯಾದ್ಲು. ಇಬ್ರು ಹೆಣ್ಮಕ್ಳು. ದೊಡ್ಡೋಳು ಟೀಚರು.” ಚಿಕ್ಕಪ್ಪ ಬಾಯಿ ತೆರೆದು ನೋಡುತ್ತಿದ್ದ, ಇವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವನು ಕಂಡಿರಲಿಲ್ಲ. ಮಾತುಗಳು ಎಲ್ಲಿಂದಲೋ ತಯಾರಾಗಿ, ಮಡಿಕೆ ಸಮೇತ ಬರುತ್ತಿದ್ದವು. “ಇಲ್ಲಿನ ಗಾಳಿ ಬಗ್ಗೆ ಮಕ್ಳಿಗೆ ಹೇಳ್ತಿದ್ಲಂತೆ. ಅಲ್ಲೂ ಎಲ್ರ ಹತ್ರ ಬೆರೀತಿರ್ಲಿಲ್ಲವಂತೆ.”

“ಆಹಾ, ಇದನ್ನ ಮೊದ್ಲೇ ಬರೀಬಾರ್ದಿತ್ತಾ!” ವರ್ನಾ ಸರಸರನೆ ಬರೆದುಕೊಂಡಳು. “ಹುಟ್ಟಿದ್ದು ೧೮೯೧, ಅದು ಫೈಲಲ್ಲಿದೆ. ತೀರ್ಕೊಂಡಿದ್ದು ಯಾವಾಗ?”

ಸಿಗ್ನೆ ಬಾಯಿ ತೆರೆದಳು. ಮದುವೆ ಬಂದಿತ್ತು, ಮಕ್ಕಳು ಬಂದಿದ್ದರು, ಸ್ಟೇಷನ್ನಿನ ಹಿಂದಿನ ಮನೆಯ ಕಿಟಕಿಯ ಬಣ್ಣ ಕೂಡ ಕೇಳಿದ್ದರೆ ಬರುತ್ತಿತ್ತು. ಇದೊಂದು ಬರಲಿಲ್ಲ. ಯಾವುದೋ ಒಂದು ವರ್ಷ ಹೇಳಿದರಾಯಿತು, ೧೯೬೦, ೧೯೬೨. ನಾಲಿಗೆ ಏಳಲಿಲ್ಲ. ಮೇಜಿನಾಚೆಯಿಂದ ಅಜ್ಜಿ ಅವಳನ್ನೇ ನೋಡುತ್ತಿದ್ದಳು.

“ಅದು ಗೊತ್ತಿಲ್ಲ,” ಎಂದಳು ಸಿಗ್ನೆ.

“ಪರ್ವಾಗಿಲ್ಲ ಬಿಡು, ಆಮೇಲೆ ತುಂಬೋಣ,” ಎಂದು ವರ್ನಾ ಹುಟ್ಟಿದ ವರ್ಷದ ಮುಂದೆ ಒಂದು ಸಣ್ಣ ಗೆರೆ ಎಳೆದು, ಗೆರೆಯ ಆಚೆ ಖಾಲಿ ಬಿಟ್ಟಳು.